ಅಲ್ಲವ್ವನ ದಮ್ಮು

ಅಲ್ಲವ್ವನ ಕೆಮ್ಮು ಕಲ್ಲೋಳಿಯ ಆ ಓಣಿಗೆ ಹೊಸದೇನೂ ಆಗಿರಲಿಲ್ಲ. ಬೆಳಿಗ್ಗೆ ಆಕೆ ಬಚ್ಚಲಿಗೆ ಹೋದರೆ ನಾಲ್ಕು ಮನೆ ಆಚೆಗೂ ಕೇಳುತ್ತಿತ್ತು. ಮೊದಮೊದಲು ಚಳಿಗಾಲದಲ್ಲಿ ಮಾತ್ರ ಬರುತ್ತಿದ್ದದ್ದು ಈಗ ಎರಡು ವರ್ಷದಿಂದ ಹನ್ನೆರಡು ತಿಂಗಳೂ ಇತ್ತು. ಕೊಡ ಎತ್ತಿದರೆ ದಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು. ಕೇಳಿದವರಿಗೆ, "ವಯಸ್ಸಾತಲ್ಲವಾ, ಐವತ್ತಾರು ಅಂದ್ರ ಕಡಿಮಿ ಏನ?" ಎಂದು ನಕ್ಕುಬಿಡುತ್ತಿದ್ದಳು.

ಆ ಓಣಿಯ ಆಶಾ ಕಾರ್ಯಕರ್ತೆ ಮಾಯಾ. ಗುಲಾಬಿ ಸೀರೆ ಉಟ್ಟು ಸ್ಕೂಟಿ ಹತ್ತಿ ಹನ್ನೊಂದು ವರ್ಷದಿಂದ ಅದೇ ಮನೆಗಳನ್ನು ಸುತ್ತುತ್ತಿದ್ದವಳು. ಬಸುರಿಯರ ಲೆಕ್ಕ, ಕೂಸುಗಳ ಚುಚ್ಚುಮದ್ದು, ಶುಗರ್ ಇದ್ದವರ ಗುಳಿಗೆ ಎಲ್ಲ ಆಕೆಯ ಬಾಯಲ್ಲೇ ಇರುತ್ತಿತ್ತು. ಆದರೆ ಹಿಂದಿನ ತಿಂಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಕ್ಷಯದ ಪಟ್ಟಿ ಓದಿದಾಗ ಮಾಯಾಳ ಹೆಸರಿನ ಮುಂದೆ ಸೊನ್ನೆ ಇತ್ತು. "ಎರಡು ವರ್ಷದಾಗ ಒಂದೂ ಇಲ್ಲ ಅಂದ್ರ, ಒಂದೋ ನಿಮ್ಮ ಓಣಿ ಭಾಳ ಪುಣ್ಯವಂತರದು, ಇಲ್ಲ ನೀವು ನೋಡಾಕತ್ತಿಲ್ಲ," ಎಂದಿದ್ದರು ಅವರು. ಉಳಿದವರು ನಕ್ಕಿದ್ದರು. ಆ ನಗು ಮಾಯಾಳ ಮನಸ್ಸಿನಲ್ಲಿ ಮುಳ್ಳಿನಂತೆ ನೆಟ್ಟಿತ್ತು. ಸಮೀಕ್ಷೆಗೆಂದು ಹೊರಟ ದಿನ ಆಕೆ ಮೊದಲು ನಿಂತದ್ದು ಅಲ್ಲವ್ವನ ಬಾಗಿಲಲ್ಲೇ.

"ಚಿಗವ್ವಾ, ಎರಡು ಡಬ್ಬಿ ಕೊಡ್ತೀನಿ. ಒಂದರಾಗ ಈಗ ಕಫ ಉಗುಳು, ಇನ್ನೊಂದರಾಗ ನಾಳೆ ಮುಂಜಾನೆ ಎದ್ದ ಕೂಡ್ಲೆ."

"ಯಾಕವಾ? ಏನರ ಕೆಟ್ಟ ರೋಗ ಇರತೈತೇನು?"

"ಏನಿಲ್ಲ ತಗೊ, ಬರೇ ತಪಾಸಣಿ."

ಅಲ್ಲವ್ವ ಹೇಳಿದ್ದನ್ನು ಮಾಡುವ ಪೈಕಿ. ಆದರೆ ಮರುದಿನ ಮಾಯಾ ಬರುವಷ್ಟರಲ್ಲಿ ಆಕೆ ಶಾಲೆಗೆ ಹೋಗಿಯಾಗಿತ್ತು. ತೋಟದ ವಸ್ತಿಯ ಸರ್ಕಾರಿ ಶಾಲೆಯಲ್ಲಿ ಆಕೆ ಮತ್ತು ಖೈರುನಬಿ ಹದಿನಾಲ್ಕು ವರ್ಷದಿಂದ ಬಿಸಿಯೂಟ ಮಾಡುತ್ತಿದ್ದರು. ಸಿಲಿಂಡರ್ ಇದ್ದಾಗ ಗ್ಯಾಸು, ಅದು ತೀರಿದಾಗ ಶಾಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮೂರು ಕಲ್ಲಿನ ಒಲೆ. ತಿಂಗಳಲ್ಲಿ ಹತ್ತು ದಿನವಾದರೂ ಒಲೆಯ ಪಾಳಿ ಬರುತ್ತಿತ್ತು. ಒಬ್ಬಳು ಅಕ್ಕಿ ಆರಿಸಿದರೆ ಇನ್ನೊಬ್ಬಳು ಒಲೆ ಊದುವುದು. ಮಕ್ಕಳು ಉಂಡ ಮೇಲೆ ಇಬ್ಬರೂ ಒಂದೇ ತಾಟಿನ ಎರಡು ಬದಿಯಿಂದ ಉಣ್ಣುವುದು. ಹೀಗೆ ನಡೆದುಕೊಂಡು ಬಂದಿತ್ತು.

ಮಾಯಾ ಶಾಲೆಗೆ ಹೋಗಿ ಅಲ್ಲವ್ವನಿಂದ ಡಬ್ಬಿ ಇಸಿದುಕೊಂಡು ಚೀಲಕ್ಕೆ ಹಾಕುತ್ತಿದ್ದಳು. ಅಲ್ಲವ್ವ ನೀರಿಗೆಂದು ನಳದ ಕಡೆ ಹೋದಳು. ಅಷ್ಟರಲ್ಲಿ ಮುಖ್ಯಗುರು ಗಜಾನನ ಮಾಸ್ತರರು ವರಾಂಡದಿಂದ ಇಳಿದು ಬಂದರು.

"ಏನ್ರಿ ಮಾಯಾ ಬಾಯಿ, ಏನದು ಡಬ್ಬಿ?"

ಏನಿಲ್ಲ ಸರ್, ಒಂದು ತಪಾಸಣೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ರೋಗಿಯ ವಿಷಯ ಹೊರಗೆ ಆಡಬಾರದು ಎಂದು ತರಬೇತಿಯ ಮೊದಲ ದಿನವೇ ಹೇಳಿಕೊಟ್ಟಿದ್ದರು. ಆದರೆ ಮಾಸ್ತರರು ಕೇಳಿದ ರೀತಿಯಲ್ಲಿ ಒಂದು ಮರ್ಯಾದೆ ಇತ್ತು, ಮಾಯಾಳಿಗೆ ಅದು ಬೇಕಾಗಿತ್ತು.

"ಅಲ್ಲವ್ವಂದು ಕಫ ರೀ ಸರ್. ಯಾರಿಗೂ ಗೊತ್ತಾಗಲಿಲ್ಲ ಇಷ್ಟು ದಿವಸ, ನಾ ಹಿಡದೇನಿ. ಟಿ.ಬಿ.ನ ಇರತೈತಿ, ನನಗ ಖಾತ್ರಿ ಐತಿ. ರಿಪೋರ್ಟ್ ಬರೂ ತನಾ ಮಕ್ಕಳಿಂದ ಜರಾ ದೂರ ಇಡ್ರಿ."

ತಿರುಗಿದರೆ ಶೆಡ್ಡಿನ ಬಾಗಿಲಲ್ಲಿ ಖೈರುನಬಿ ತೊಳೆದ ಅಕ್ಕಿಯ ಬುಟ್ಟಿ ಹಿಡಿದು ನಿಂತಿದ್ದಳು. ಮಾಯಾಳನ್ನು ಒಂದು ಸಲ ನೋಡಿ ಒಳಗೆ ಹೋದಳು.

ಮಾತು ಎಷ್ಟು ಬೇಗ ಓಡಿತೆಂದರೆ, ಮರುದಿನ ಮಧ್ಯಾಹ್ನ ಹನ್ನೆರಡು ಮಕ್ಕಳು ಮನೆಯಿಂದ ಬುತ್ತಿ ತಂದಿದ್ದರು. ಅದರ ಮರುದಿನ ಅರ್ಧ ಶಾಲೆ. ಮೂರನೆಯ ದಿನ ತಾಯಂದಿರು ಗೇಟಿಗೆ ಬಂದು ನಿಂತರು. ಗಜಾನನ ಮಾಸ್ತರರು ಅಲ್ಲವ್ವನನ್ನು ಕರೆದು, "ಒಂದೀಟು ದಿವಸ ಮನ್ಯಾಗ ವಿಶ್ರಾಂತಿ ತಗೊರ್ರಿ, ಮಂದಿ ಬಾಯಿ ನಾವು ಕಟ್ಟಾಕ ಬರಂಗಿಲ್ಲ," ಎಂದರು. ಮಂದಿಗೆ ಹೇಳಿದವರು ಯಾರು ಎಂದು ಆಕೆ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅದೇ ಸಂಜೆ ಮಾಯಾ ಖೈರುನಬಿಯ ಮನೆಗೆ ಹೋದಳು. ಖೈರುನಬಿಯ ಸೊಸೆ ಅಫ್ರೀನಳ ಹೆರಿಗೆಯಲ್ಲಿ ಮಾಯಾ ಎರಡು ದಿನ ಆಸ್ಪತ್ರೆ ಬಿಟ್ಟು ಕದಲಿರಲಿಲ್ಲ. ಆ ಮನೆಯಲ್ಲಿ ಆಕೆಗೆ ಯಾವತ್ತೂ ಚಹಾ ತಪ್ಪುತ್ತಿರಲಿಲ್ಲ. ಅಂದೂ ಚಹಾ ಬಂತು, ಆಕೆ ಮುಟ್ಟಲಿಲ್ಲ.

"ಖಾಲಾ, ನಾ ಅವತ್ತು ಹೇಳಿದ್ದು ನೀವು ಕೇಳೀರಿ. ಯಾರ ಮುಂದೂ ನನ್ನ ಹೆಸರ ತಗೀಬ್ಯಾಡ್ರಿ. ಮ್ಯಾಲಿನವರಿಗೆ ಗೊತ್ತಾದ್ರ ನನ್ನ ಕೆಲಸಾ ಹೋಗತೈತಿ."

ಖೈರುನಬಿ ಚಹಾದ ಬಟ್ಟಲನ್ನು ಆಕೆಯ ಕಡೆ ಸರಿಸಿದಳು. ಆಮೇಲೆ, "ಆತು ಬೇಟಿ, ತಗಿಯಂಗಿಲ್ಲ. ಆದ್ರ ಮಾಡಿದ್ದು ಛಲೋ ಮಾಡ್ಲಿಲ್ಲ," ಎಂದಳು.

ಎರಡು ದಿನ ಕಳೆಯುವಷ್ಟರಲ್ಲಿ ಹುಕ್ಕೇರಿಯಿಂದ ಅಲ್ಲವ್ವನ ಬೀಗಿತ್ತಿ ರಾಯವ್ವ ಬಸ್ಸು ಹತ್ತಿ ಬಂದಳು. ಒಳಗೂ ಬರದೆ ಕಟ್ಟೆಯ ಮೇಲೆ ಕೂತು, ತನ್ನ ಮಗಳು, ಅಲ್ಲವ್ವನ ಸೊಸೆ ಕಾಜಲ್‌ಗೆ ಬಟ್ಟೆ ಕಟ್ಟಿಕೋ ಎಂದಳು. ಕಾಜಲ್‌ಳ ಒಂಬತ್ತು ತಿಂಗಳ ಕೂಸು ಒಳಗಿದ್ದ ಅಜ್ಜಿಯ ಕಡೆ ಕೈ ಚಾಚುತ್ತಿತ್ತು. ಅಲ್ಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕದದ ಹಿಂದೆ ನಿಂತಿದ್ದಳು, ಎತ್ತಿಕೊಳ್ಳಲಿಲ್ಲ. ಅಲ್ಲವ್ವನ ಗಂಡ ಲಗಮಪ್ಪ ಬಸ್‌ಸ್ಟ್ಯಾಂಡಿನ ತನಕ ಚೀಲ ಹೊತ್ತು ಕಳಿಸಿ ಬಂದ.

ಮರುದಿನ ಮಾಯಾ ಗುಳಿಗೆಯ ನೆಪದಲ್ಲಿ ಅಲ್ಲವ್ವನ ಮನೆಗೆ ಬಂದಾಗ ಖೈರುನಬಿಯೂ ಬಂದಳು. ಕೈಯಲ್ಲಿ ಒಂದು ಡಬ್ಬಿ, ಅದರಲ್ಲಿ ಸಜ್ಜಕ. ಅಲ್ಲವ್ವ ಹೊಸ್ತಿಲಲ್ಲೇ ತಡೆದಳು.

"ಒಳಗ ಬರಬ್ಯಾಡ ಖೈರೂ."

"ಯಾಕಕ್ಕಾ?"

"ಕಫದ ಡಬ್ಬಿ ಕೊಟ್ಟ ಸುದ್ದಿ ನಿನಗೊಬ್ಬಾಕಿಗೆ ಹೇಳಿದ್ದೆ. ಮನ್ಯಾಗ ಗಂಡಗೂ ಹೇಳಿದ್ದಿಲ್ಲ. ಊರ ತುಂಬ ಹೆಂಗ ಗೊತ್ತಾತು?" ಒಂದೊಂದು ಮಾತಿಗೂ ಆಕೆಗೆ ಉಸಿರು ತಡೆಯುತ್ತಿತ್ತು. "ಹದಿನಾಲ್ಕು ವರ್ಷ ಒಂದ ತಾಟಿನಾಗ ಉಂಡೀವಿ. ನನ್ನ ಸಾಲಿ ಬಿಡಿಸಿದಿ. ನನ್ನ ಮೊಮ್ಮಗನ್ನ ಬಿಡಿಸಿದಿ. ಹೋಗು, ಇನ್ನ ನಿನ್ನ ಮುಖಾ ನೋಡಂಗಿಲ್ಲ ನಾ."

ಖೈರುನಬಿಯ ಕಣ್ಣು ಒಂದು ಗಳಿಗೆ ಮಾಯಾಳ ಮೇಲೆ ನಿಂತಿತು. ಮಾಯಾ ತನ್ನ ವಹಿ ತೆರೆದು, ತಲೆ ಬಗ್ಗಿಸಿ, ಬರೆಯುವುದು ಏನೋ ಇದ್ದವಳ ಹಾಗೆ ಪೆನ್ನು ಆಡಿಸುತ್ತ ಕೂತಳು. ಬರೆದದ್ದೇನೆಂದು ಆಮೇಲೆ ನೋಡಿದರೆ ಆ ದಿನದ ತಾರೀಖನ್ನು ಮೂರು ಸಲ ಬರೆದಿದ್ದಳು. ತಲೆ ಎತ್ತಿದಾಗ ಖೈರುನಬಿ ಓಣಿಯ ತಿರುವಿನಲ್ಲಿದ್ದಳು. ಡಬ್ಬಿ ಹೊಸ್ತಿಲ ಹೊರಗೆ ಇತ್ತು.

ಒಂಬತ್ತನೆಯ ದಿನ ರಿಪೋರ್ಟು ಬಂತು. ಎರಡೂ ಡಬ್ಬಿಯಲ್ಲಿ ಕ್ಷಯದ ಒಂದು ಜಂತುವೂ ಇರಲಿಲ್ಲ. ಮೂಡಲಗಿಯಲ್ಲಿ ತೆಗೆಸಿದ ಎಕ್ಸ್‌ರೇಯಲ್ಲೂ ಕ್ಷಯದ ಗುರುತಿರಲಿಲ್ಲ. ಆದರೆ ವೈದ್ಯಾಧಿಕಾರಿಗಳು ಫಿಲ್ಮನ್ನು ಬೆಳಕಿಗೆ ಹಿಡಿದು, "ಪುಪ್ಪುಸ ಗಾಳಿ ತುಂಬಿ ಉಬ್ಬಿದಂಗ ಕಾಣಸ್ತಾವ. ಗೋಕಾಕದಾಗ ಎದಿ ಡಾಕ್ಟರಿಗೆ ತೋರಿಸ್ರಿ, ಊದಿಸಿ ನೋಡ್ತಾರ," ಎಂದು ಚೀಟಿ ಬರೆದುಕೊಟ್ಟರು.

ಟಿ.ಬಿ. ಇಲ್ಲ ಎಂದು ಗೊತ್ತಾದ ಕ್ಷಣ ಮಾಯಾಳಿಗೆ ಮೊದಲು ಅನಿಸಿದ್ದು ಸಂತೋಷವಲ್ಲ, ತಾನು ಸಿಕ್ಕಿಬಿದ್ದೆ ಎಂದು. ಆ ಅನಿಸಿಕೆಗೇ ಆಕೆ ನಾಚಿದಳು.

ಗೋಕಾಕಕ್ಕೆ ಅಲ್ಲವ್ವನನ್ನು ಕರೆದುಕೊಂಡು ಹೋದವಳೂ ಮಾಯಾಳೇ. ಡಾಕ್ಟರು ಹೆಣ್ಣುಮಗಳು, ನಲವತ್ತರ ಒಳಗಿನವರು. ಮೊದಲ ಪ್ರಶ್ನೆಯೇ, "ಬೀಡಿ ಗೀಡಿ ಸೇದ್ತೀರೇನವಾ?"

ಅಲ್ಲವ್ವನ ಮುಖ ಕೆಂಪಾಯಿತು. "ಏನ ಮಾತ್ರೀ ಇದು? ನಮ್ಮ ಮನ್ಯಾಗ ಗಂಡಸ್ರೂ ಸೇದಂಗಿಲ್ಲ."

"ಸಿಟ್ಟಾಗಬ್ಯಾಡ್ರಿ. ಕೇಳಬೇಕಾಗತೈತಿ. ಸೇದೂವರಿಗೆ ಭಾಳ ಬರತೈತಿ ಇದು, ಸೇದದವರಿಗೂ ಬರತೈತಿ. ಒಲಿ ಮುಂದ ಎಷ್ಟು ವರ್ಷ ಕುಂತೀರಿ?"

ಅಲ್ಲವ್ವ ಬೆರಳು ಮಡಚಿದಳು. ತವರಿನಲ್ಲಿ ಎಂಟು ವರ್ಷದವಳಿದ್ದಾಗಿನಿಂದ ಒಲೆ. ಮದುವೆಯಾಗಿ ಬಂದ ಮೇಲೆ ಮನೆಯದೊಂದು ಒಲೆ, ಮತ್ತೆ ಹಂಗಾಮು ಬಂದರೆ ಬೆಲ್ಲದ ಗಾಣದ ಒಲೆ. ಕಬ್ಬಿನ ಒಣಗಿದ ಗರಿಯನ್ನು, ರವದಿಯನ್ನು, ಬೆಳಗಿನಿಂದ ಸಂಜೆಯ ತನಕ ಆ ಒಲೆಯ ಬಾಯಿಗೆ ತುರುಕುವ ಕೆಲಸ ಹತ್ತು ವರ್ಷ. ಆಮೇಲೆ ಶಾಲೆ.

"ಹೊಗಿ ಅಂದ್ರ ಹೊಗಿ. ಬೀಡೀದಾದ್ರೇನು, ರವದೀದಾದ್ರೇನು, ಅದಕ್ಕ ಭೇದ ಇಲ್ಲ," ಎಂದರು ಡಾಕ್ಟರು.

ಒಂದು ಯಂತ್ರದ ಕೊಳವೆ ಬಾಯಿಗೆ ಕೊಟ್ಟು ಜೋರಾಗಿ ಊದಿಸಿದರು. ಮೊದಲೆರಡು ಸಲ ಕೆಮ್ಮು ಬಂದು ಹಾಳಾಯಿತು. ಮೂರನೆಯ ಸಲ ಊದಿದಳು. ಬಾಯಿಂದ ಔಷಧಿ ಎಳೆದುಕೊಳ್ಳುವ ಪಂಪು ಕೊಟ್ಟು, ಕಾಲು ತಾಸು ಕೂಡಿಸಿ, ಮತ್ತೆ ಊದಿಸಿದರು. ಆಮೇಲೆ ಕಾಗದದ ಮೇಲಿನ ಗೆರೆಗಳನ್ನು ತೋರಿಸುತ್ತ ಹೇಳಿದರು.

"ಇದಕ್ಕ ಸಿ.ಓ.ಪಿ.ಡಿ. ಅಂತಾರ. ಉಸಿರಾಡೂ ನಳಿಗಿ ವರ್ಷಾನುಗಟ್ಟಲೆ ಹೊಗಿ ಕುಡದು ಒಳಗ ಬಾತು ಸಣ್ಣ ಆಗ್ಯಾವ. ಒಳಗ ಹೋದ ಗಾಳಿ ಪೂರ್ತಿ ಹೊರಗ ಬರಂಗಿಲ್ಲ, ಅದಕ್ಕ ದಮ್ಮು. ಹೋದ ಶಕ್ತಿ ತಿರುಗಿ ಬರಂಗಿಲ್ಲ, ಸುಳ್ಳ ಹೇಳಂಗಿಲ್ಲ ನಾ. ಇದ್ದದ್ದನ್ನ ಉಳಿಸಿಕೋಬಹುದು. ಪಂಪ್ ದಿನಾ ತಪ್ಪಸಬ್ಯಾಡ್ರಿ, ಒಲಿ ಮುಂದ ಕೂಡಬ್ಯಾಡ್ರಿ, ದಿನಾ ಒಂದೀಟು ಅಡ್ಡಾಡ್ರಿ."

"ಇದು ಹತ್ತೂ ರೋಗ ಅಲ್ಲೇನ್ರೀ?" ಅಲ್ಲವ್ವ ಕೇಳಿದಳು. "ಕೂಸು ಐತ್ರೀ ಮನ್ಯಾಗ. ಇತ್ತು."

"ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲ. ಕೂಸಿನ್ನ ಎತ್ತಿಕೊಳ್ರಿ, ಮುದ್ದ ಮಾಡ್ರಿ. ಯಾರ ಹೇಳಿದ್ರು ಹತ್ತತೈತಿ ಅಂತ?"

ಅಲ್ಲವ್ವ ಅಳತೊಡಗಿದಳು. ಅಳುತ್ತಲೇ ಮಾಯಾಳ ಕೈ ಹಿಡಿದು, "ಈ ಹುಡುಗಿ ಇರಲಿಲ್ಲಂದ್ರ ನನ್ನ ಯಾರೂ ಕೇಳತಿದ್ದಿಲ್ರೀ. ಜೋಡಿ ಉಂಡಾಕಿನ ನನ್ನ ಊರಾಗ ಹರಾಜ ಹಾಕಿದ್ಲು. ಇಕಿ ಒಬ್ಬಾಕಿ ಕೈ ಬಿಡಲಿಲ್ಲ," ಎಂದಳು.

"ಇಂಥಾ ಆಶಾ ಊರಿಗೊಬ್ರು ಇರಬೇಕು," ಎಂದರು ಡಾಕ್ಟರು, ಮಾಯಾಳನ್ನು ನೋಡಿ.

ಈಗ ಹೇಳಬೇಕು ಎಂದುಕೊಂಡಳು ಮಾಯಾ. ಆದರೆ "ಇರ್ಲಿ ಬಿಡ್ರಿ," ಎಂದಷ್ಟೇ ಹೊರಬಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಅಲ್ಲವ್ವ ಆಕೆಯ ಮಕ್ಕಳಿಗೆಂದು ಪೇರಲ ಹಣ್ಣು ಕೊಂಡು ಉಡಿಗೆ ಸುರಿದಳು. ಮಾಯಾ ಬೇಡ ಎನ್ನಲಿಲ್ಲ. ಎಂದರೆ ಯಾಕೆ ಎಂದು ಕೇಳುತ್ತಾಳೆ. ಕಲ್ಲೋಳಿ ಬರುವ ತನಕ ಆ ಹಣ್ಣಿನ ವಾಸನೆ ಆಕೆಯನ್ನು ಬಿಡಲಿಲ್ಲ.

ಮರುದಿನದಿಂದ ಮಾಯಾ ಮನೆ ಮನೆಗೆ ಹೋಗಿ ಹೇಳಿದಳು: ಟಿ.ಬಿ. ಅಲ್ಲ, ಹತ್ತುವ ರೋಗ ಅಲ್ಲ, ಹೊಗೆಯಿಂದ ಬಂದದ್ದು. ಜನ ಹೂಂಗುಟ್ಟಿದರು. ಯಾರಿಗೂ ತಾವು ಮಾಡಿದ್ದು ತಪ್ಪೆನಿಸಿದಂತೆ ಕಾಣಲಿಲ್ಲ. ಗಜಾನನ ಮಾಸ್ತರರು ಸಮಾಧಾನದ ಉಸಿರು ಬಿಟ್ಟು, "ನೋಡ್ರಿ, ಹೊಗಿ ಆಗಬಾರ್ದು ಅಂತ ಡಾಕ್ಟರ ಹೇಳ್ಯಾರಂದ್ರ, ಬಿಡಿಸಿದ್ದು ಛಲೋನ ಆತು," ಎಂದರು. ಮಾಯಾ ಆ ಮಾತಿಗೆ ಎದುರಾಡಲು ಹೋಗಲಿಲ್ಲ, ಯಾಕೆಂದರೆ ಅದರ ನೆರಳಲ್ಲಿ ತಾನೂ ನಿಲ್ಲಬಹುದು ಎಂದು ಆಕೆಗೆ ಹೊಳೆದಿತ್ತು.

ಶೆಡ್ಡಿನ ತಗಡಿನ ಸಂದಿಯಿಂದ ಹೊಗೆ ಬರುತ್ತಿತ್ತು. ಒಳಗೆ ಖೈರುನಬಿ ಒಬ್ಬಳೇ. ಇನ್ನೊಬ್ಬಳನ್ನು ಇನ್ನೂ ನೇಮಿಸಿರಲಿಲ್ಲ. ಇಬ್ಬರ ಒಲೆಯನ್ನು ಒಬ್ಬಳೇ ಊದುತ್ತಿದ್ದಳು. ಊದಿ ಊದಿ ಕೆಮ್ಮು ಬಂದು ಗೋಡೆ ಹಿಡಿದಳು. ಮಾಯಾಳನ್ನು ಕಂಡು ಕಣ್ಣೊರೆಸಿಕೊಂಡಳು.

"ಆಕಿಗೆ ಟಿ.ಬಿ. ಇಲ್ಲಂತ, ಖರೇನ?"

"ಖರೆ ಖಾಲಾ."

"ಬಸ್. ಅಲ್ಲಾ ದೊಡ್ಡಾಂವ," ಎಂದು ಮತ್ತೆ ಒಲೆಯ ಕಡೆ ತಿರುಗಿದಳು. ನನ್ನ ಹೆಸರಿಗಂಟಿದ ಕಳಂಕ ತೊಳೆ ಎಂದು ಕೇಳಲಿಲ್ಲ. ಕೇಳಿದ್ದರೆ ಮಾಯಾಳಿಗೆ ಹಗುರಾಗುತ್ತಿತ್ತೇನೋ.

ಹೀಗೆಯೇ ಮೂರು ವಾರ ಹೋಯಿತು. ಒಂದು ಮಧ್ಯಾಹ್ನ ಮಾಯಾ ಅಲ್ಲವ್ವನಿಗೆ ಪಂಪು ಹಿಡಿಯುವುದನ್ನು ಕಲಿಸುತ್ತಿದ್ದಳು. ಅಲ್ಲವ್ವ ಒತ್ತುವುದೊಂದು ಗಳಿಗೆ, ಎಳೆಯುವುದೊಂದು ಗಳಿಗೆ. ಔಷಧಿಯೆಲ್ಲ ಬಾಯಲ್ಲೇ ಉಳಿಯುತ್ತಿತ್ತು.

"ಮೊದಲ ಉಸಿರು ಪೂರ್ತಿ ಬಿಡು ಚಿಗವ್ವಾ. ಆಮ್ಯಾಲೆ ಒತ್ತಗೋತನ ಎಳಿ. ಹತ್ತು ಎಣಸೂ ತನಾ ತಡಿ. ಹಾಂ, ಹಂಗ."

ಅಲ್ಲವ್ವ ಬಾಯಿ ಮುಕ್ಕಳಿಸಿ ಉಗುಳಿ ಬಂದು ಕೂತಳು. ಯಾರಿಗೋ ಹೇಳುವವಳ ಹಾಗೆ, "ಖೈರೂಗೂ ಹಿಂಗ ಕೆಮ್ಮು ಐತಿ," ಎಂದಳು. "ನನಗಿಂತ ಎರಡು ವರ್ಷ ಮೊದಲಿಂದ ಐತಿ. ಅದ ಹೊಗಿ, ಅದ ಒಲಿ. ಆಕೀನೂ ಊದಿಸಿ ನೋಡಬೇಕಲಾ ಮಾಯಾ. ನೀ ಕರಕೊಂಡು ಹೋಗು. ನಾ ಹೇಳೇನಿ ಅಂತ ಹೇಳಬ್ಯಾಡ. ಆಕಿ ಮಾಡಿದ್ದು ಆಕಿಗಿರ್ಲಿ."

ಮಾಯಾಳಿಗೆ ಇನ್ನು ಕೂತಲ್ಲಿ ಕೂರಲಾಗಲಿಲ್ಲ.

"ಆಕಿ ಏನೂ ಮಾಡಿಲ್ಲ ಚಿಗವ್ವಾ. ನಾ ಹೇಳಿದ್ದು."

"ಏನ ಹೇಳಿದ್ದು?"

"ಟಿ.ಬಿ. ಅಂತ. ಮಾಸ್ತರ ಮುಂದ ನಾನ ಹೇಳಿದೆ, ಡಬ್ಬಿ ಇಸಗೊಂಡ ದಿವಸ. ನೀ ನೀರಿಗೆ ಹೋಗಿದ್ದಿ. ಖಾಲಾಗ ಗೊತ್ತಿತ್ತು. ನನ್ನ ಹೆಸರ ಹೇಳಬ್ಯಾಡ್ರಿ ಅಂತ ನಾನ ಹೋಗಿ ಬೇಡಿಕೊಂಡಿದ್ದೆ. ನೀ ಆಕಿನ್ನ ಬೈಯೂವಾಗ ನಾ ಇಲ್ಲೇ ಕುಂತಿದ್ನಿ."

ಅಲ್ಲವ್ವ ಬೈಯಲಿಲ್ಲ. ಪಂಪನ್ನು ಬದಿಗಿಟ್ಟು ಮಾಯಾಳ ಮುಖವನ್ನೇ ನೋಡಿದಳು. ಆ ನೋಟಕ್ಕಿಂತ ಎರಡು ಏಟು ಹೊಡೆದಿದ್ದರೆ ಮೇಲಿತ್ತು.

"ರೋಗ ಯಾವುದು ಅಂತ ನಿನಗ ತಿಳೀಲಿಲ್ಲ, ಅದು ಇರ್ಲಿ," ಎಂದಳು. "ಡಾಕ್ಟರಿಗೂ ನೋಡದ ತಿಳಿಯಂಗಿಲ್ಲ. ಆದ್ರ ಆಕಿ ಈ ಹೊಸ್ತಿಲದಾಗ ನಿಂತು ನನ್ನ ಬೈಗುಳಾ ತಿಂದ್ಲು. ನೀ ವಹಿ ನೋಡ್ಕೋತ ಕುಂತಿ."

"ತಪ್ಪಾತು ಚಿಗವ್ವಾ."

"ನನಗ್ಯಾಕ ಹೇಳ್ತಿ?"

ಅಲ್ಲವ್ವ ಎದ್ದು ಚಪ್ಪಲಿ ಮೆಟ್ಟಿದಳು. ಸ್ಕೂಟಿಯ ಮೇಲೆ ಬಿಡುತ್ತೇನೆ ಎಂದರೆ ತಿರುಗಿಯೂ ನೋಡಲಿಲ್ಲ. ಖೈರುನಬಿಯ ಮನೆ ಊರಿನ ಆಚೆ ತುದಿಗೆ. ಅಲ್ಲವ್ವ ಲೈಟಿನ ಕಂಬದ ಹತ್ತಿರ ಒಮ್ಮೆ ನಿಂತಳು, ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಒಮ್ಮೆ ಕೂತಳು. ತುಟಿ ಸಿಳ್ಳೆ ಹೊಡೆಯುವವರ ಹಾಗೆ ಮಾಡಿ, ಡಾಕ್ಟರು ಹೇಳಿಕೊಟ್ಟಂತೆ ನಿಧಾನಕ್ಕೆ ಉಸಿರು ಬಿಟ್ಟು, ಮತ್ತೆ ಎದ್ದಳು. ಮಾಯಾ ಹತ್ತು ಮಾರು ಹಿಂದೆ ಸ್ಕೂಟಿಯನ್ನು ತಳ್ಳಿಕೊಂಡು ನಡೆದಳು. ಓಣಿಯ ಮಂದಿ ಇಬ್ಬರನ್ನೂ ನೋಡುತ್ತಿದ್ದರು. ಮಾಯಾಳಿಗೆ ಜೀವಮಾನದಲ್ಲಿ ಆ ದಾರಿ ಅಷ್ಟು ಉದ್ದ ಎನಿಸಿರಲಿಲ್ಲ.

ಖೈರುನಬಿ ಆಗಷ್ಟೇ ಶಾಲೆಯಿಂದ ಬಂದು ಪಾತ್ರೆ ತಿಕ್ಕುತ್ತಿದ್ದಳು. ಬಾಗಿಲಲ್ಲಿ ಅಲ್ಲವ್ವನನ್ನು ಕಂಡು ಬೂದಿಗೈಯಲ್ಲೇ ಎದ್ದಳು. ಅಲ್ಲವ್ವನಿಗೆ ಮಾತಾಡಲು ಉಸಿರಿರಲಿಲ್ಲ. ಕಟ್ಟೆಗೆ ಕುಸಿದು ಕೂತು, ಕೈ ಎತ್ತಿ, ತಡಿ ಎಂದಳು. ಖೈರುನಬಿ ತಡೆಯಲಿಲ್ಲ. ಪಕ್ಕದಲ್ಲಿ ಕೂತು ಬೆನ್ನು ಸವರತೊಡಗಿದಳು.

"ಮೊದಲ ದಮ್ಮ ತಗೊ. ಮಾತೆಲ್ಲಿ ಓಡಿ ಹೋಗತೈತಿ?"

"ನೀ ಯಾಕ ಹೇಳಲಿಲ್ಲಾ ಖೈರೂ?"

"ಮಾತ ಕೊಟ್ಟಿದ್ದೆ."

"ಮಾತ ಕೊಡತಾಳಂತ ಮಾತ! ನನಕಿಂತ ಆಕಿ ಮಾತ ದೊಡ್ಡದಾತು?" ಎಂದು ಅಲ್ಲವ್ವ ಆಕೆಯ ತೋಳಿಗೆ ಒಂದು ಏಟು ಕೊಟ್ಟಳು. ಹೊಡೆದ ಕೈ ಅಲ್ಲೇ ಉಳಿಯಿತು. ಇಬ್ಬರೂ ಅಳುತ್ತಿದ್ದರು, ನಡುವೆ ಇಬ್ಬರೂ ಕೆಮ್ಮುತ್ತಿದ್ದರು. ಮಾಯಾ ಅಂಗಳದಲ್ಲಿ ಬಿಸಿಲಿಗೆ ನಿಂತೇ ಇದ್ದಳು. ಆಕೆಯನ್ನು ಯಾರೂ ಕೂಡು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. "ತಪ್ಪಾತು ಖಾಲಾ," ಎಂದದ್ದು ಆಕೆಗೇ ಸರಿಯಾಗಿ ಕೇಳಿಸಲಿಲ್ಲ.

ಆ ವಾರ ಮಾಯಾ ಶಾಲೆಯ ಪಾಲಕರ ಸಭೆಯಲ್ಲಿ ಎದ್ದು ನಿಂತು, ಸುಳ್ಳು ಹಬ್ಬಿಸಿದ್ದು ತಾನೇ ಎಂದು ಹೇಳಿದಳು. ವೈದ್ಯಾಧಿಕಾರಿಗಳಿಗೂ ಹೇಳಿದಳು. ಅವರು ಕೆಲಸದಿಂದ ತೆಗೆಯಲಿಲ್ಲ. ಲಿಖಿತವಾಗಿ ತಪ್ಪೊಪ್ಪಿಗೆ ಬರೆಸಿಕೊಂಡರು, ಮುಂದಿನ ಸಭೆಯಲ್ಲಿ ಹೆಸರು ಹಿಡಿದೇ ಆ ಮಾತು ತೆಗೆದರು. ಈ ಸಲ ಯಾರೂ ನಗಲಿಲ್ಲ. ಖೈರುನಬಿಯನ್ನು ಗೋಕಾಕದಲ್ಲಿ ಊದಿಸಿ ನೋಡಿದರು. ಆಕೆಗೂ ಅದೇ ಇತ್ತು, ಆದರೆ ಇನ್ನೂ ಮೊದಲ ಹಂತ. ಅದಾದ ಮೇಲೆ ಮಾಸ್ತರರು ಓಡಾಡಿ ಎರಡನೆಯ ಸಿಲಿಂಡರ್ ತರಿಸಿ ಶೆಡ್ಡಿನ ಒಲೆ ಕೆಡವಿಸಿದರು. ಅಲ್ಲವ್ವ ಮಾತ್ರ ಅಡುಗೆಗೆ ತಿರುಗಿ ಹೋಗಲಿಲ್ಲ. ಅಷ್ಟು ದೊಡ್ಡ ಪಾತ್ರೆ ಎತ್ತುವ ಕಸುವು ಆಕೆಯಲ್ಲಿ ಉಳಿದಿರಲಿಲ್ಲ. ಮಾಯಾ ಬಂದರೆ ಅಲ್ಲವ್ವ ಪಂಪು ಹಿಡಿದು ತೋರಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೆ.

ಉಳಿದದ್ದು ಹುಕ್ಕೇರಿ. ಫೋನಿನಲ್ಲಿ ಹೇಳಿದರೆ ರಾಯವ್ವ ನಂಬಿರಲಿಲ್ಲ. ಒಂದು ಸೋಮವಾರ ಮಾಯಾ ಗೋಕಾಕದ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ರಾಯವ್ವ ಕಾಗದಗಳನ್ನು ತಿರುವಿ ಹಾಕಿದಳು.

"ಮತ್ತ ಮೊದಲ ಟಿ.ಬಿ. ಅಂತ ಹೇಳಿದಾಂವ ಯಾವ ಡಾಕ್ಟರು?"

"ಡಾಕ್ಟರ್ ಅಲ್ರೀ. ನಾ ಹೇಳಿದ್ದೆ."

ಎಷ್ಟನೆಯ ಸಲ ಹೇಳುತ್ತಿದ್ದಳೋ. ರಾಯವ್ವ ಬಾಯಿಗೆ ಬಂದಂತೆ ಬೈದಳು. ನಿಮ್ಮಂಥವರನ್ನು ಸರ್ಕಾರ ಯಾಕೆ ಇಟ್ಟುಕೊಂಡಿದೆ ಎಂದಳು, ಎರಡು ತಿಂಗಳು ಮಗಳ ಸಂಸಾರ ಎರಡು ಪಾಲಾಯಿತಲ್ಲ ಎಂದಳು. ಮಾಯಾ ಬಾಗಿಲ ಬದಿಗೆ ನಿಂತು ಎಲ್ಲವನ್ನೂ ಕೇಳಿದಳು.

ಕಾಜಲ್ ಅಷ್ಟರಲ್ಲಿ ಒಳಗೆ ಹೋಗಿ ಕೂಸಿನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ಹಾಕತೊಡಗಿದ್ದಳು. ಕೂಸು ಆಕೆಯ ಬೆನ್ನ ಹಿಂದೆ ಗೋಡೆ ಹಿಡಿದು ನಿಂತಿತ್ತು. ಚೀಲದ ಬಾಯಿ ಕಟ್ಟುತ್ತ ಆಕೆ ಮಾಯಾಳ ಕಡೆ ನೋಡದೆಯೇ ಕೇಳಿದಳು.

"ಈಗ ಭಾಳ ಭಾರ ಆಗ್ಯಾನ್ರೀ ಇಂವ. ನಮ್ಮ ಅತ್ತಿಯವರಿಗೆ ಎತ್ತಿಕೊಳ್ಳಾಕ ಆಗತೈತೇನು? ದಮ್ಮ ಹತ್ತಂಗಿಲ್ಲ?"

"ನಿಂತು ಎತ್ತಿಕೊಂಡ್ರ ಹತ್ತತೈತ್ರಿ," ಎಂದಳು ಮಾಯಾ. "ಅವರು ಮೊದಲ ಕೂಡ್ಲಿ. ಕುಂತ ಮ್ಯಾಲೆ ನೀವು ಉಡ್ಯಾಗ ಕೊಡ್ರಿ."